ಖಣಿ ನುಂಗಿದ ಹಳ್ಳ

ಶಹಾಬಾದಿನ ಖಣಿ ಮೇಸ್ತ್ರಿ ಮಜೀದಸಾಬ ತನ್ನ ಮಗಳು ಜೈತುನ್‌ಬೀಯ ಹೊಸ ಮನೆಗೆ ಹೊಸ್ತಿಲು ಕೂಡಿಸುತ್ತಿದ್ದ. ಅಷ್ಟರಲ್ಲಿ ಸರಕಾರಿ ಜೀಪಿನಿಂದ ಇಳಿದ ಅಂಬಾರಾಯ, "ಇಲ್ಲಿ ಮನಿ ಬ್ಯಾಡರಿ ಚಾಚಾ, ಇದು ಹಳ್ಳ" ಅಂದುಬಿಟ್ಟ.

ಮಜೀದಸಾಬನ ಸುತ್ತಿಗೆ ನಿಂತಿತು. ಎಂಥ ಸುತ್ತಿಗೆ! ಅದು ಶಹಾಬಾದಿನಲ್ಲಿ ಟಣ್ ಅಂದರೆ, ವಾಡಿ ಜಂಕ್ಷನ್ನಿನಲ್ಲಿ ನಿಂತ ಗಾಡಿ ತನಗೇ ಗಂಟೆ ಹೊಡೆದರೆಂದು ಹೊರಟುಬಿಡುತ್ತಿತ್ತು. ನೆಲಕ್ಕೆ ಹಾಸುವ ಪರಸಿ ಕಲ್ಲನ್ನು ಒಮ್ಮೆ ಬಡಿದು ಕಿವಿಗೊಟ್ಟರೆ ಸಾಕು, ಒಳಗೆ ಕೂದಲಿನಷ್ಟು ಬಿರುಕಿದ್ದರೂ ಹೇಳುವವನು ಅವನು. ನಲವತ್ತು ವರ್ಷದಲ್ಲಿ ಒಂದು ಕಲ್ಲೂ ಅವನಿಗೆ ಸುಳ್ಳು ಹೇಳಿರಲಿಲ್ಲ. ಹೇಳುವ ಧೈರ್ಯವಾದರೂ ಯಾವ ಕಲ್ಲಿಗಿತ್ತು?

"ಹಳ್ಳ ಅಂತ ಹಳ್ಳ! ಒಂದು ಕಪ್ಪಿ ತೋರಸ್ರಿ ಸಾಹೇಬ್ರ, ಈ ಸುತ್ತಿಗಿ ನಿಮಗ ಕೊಟ್ಟಬಿಡ್ತೀನಿ!"

ಕೂಲಿಗಳು ಹೊಟ್ಟೆ ಹಿಡಿದು ನಕ್ಕರು. ಅಂಬಾರಾಯ ಮುಧೋಳದ ರೈತರ ಮಗ, ಓದಿ ಭೂವಿಜ್ಞಾನಿಯಾದವನು. ನಗೆಗೆ ಬೆದರುವ ಆಳಲ್ಲ. ಒಂದು ಪರಸಿಯ ಮೇಲೆ ವಿಮಾನದಿಂದ ತೆಗೆದ ಎರಡು ಫೋಟೋ ಹಾಸಿ, ಅವುಗಳ ಮೇಲೆ ಉಬ್ಬು ತಗ್ಗು ತೋರಿಸುವ ನಾಲ್ಕು ಕಾಲಿನ ಕನ್ನಡಕವೊಂದನ್ನು ನಿಲ್ಲಿಸಿದ. "ಹದಿನೆಂಟು ವರ್ಷದ ಹಿಂದಿನವು. ಬಗ್ಗಿ ನೋಡ್ರಿ."

ಬಗ್ಗಿದ ಮಜೀದಸಾಬ ಮಾರುದ್ದ ಹಿಂದಕ್ಕೆ ಜಿಗಿದ. ಕಾಗದದೊಳಗಿನ ನೆಲ ಎದ್ದು ನಿಂತಿತ್ತು! ದಿಬ್ಬ ಉಬ್ಬಿ ಮೂಗಿಗೆ ತಾಗುವಂತಿತ್ತು. ಅದರ ಬುಡದಲ್ಲಿ ಆನೆ ಇಳಿದರೆ ಬಾಲವೂ ಕಾಣದಂಥ ಹಳ್ಳ, ದಿಬ್ಬದ ಮೇಲೆ ಹುಣಸೆ ಮರ. ಅಂಬಾರಾಯ ಹೋದ ವರ್ಷದ ಫೋಟೋ ಇಟ್ಟ. ಅದೇ ಹುಣಸೆ ಮರ. ಹಳ್ಳವಿದ್ದಲ್ಲಿ ಅಂಗೈಯಂಥ ಬಯಲು.

"ಹಳ್ಳ ಎಲ್ಲಿ ಹೋತರಿ?"

"ನೀವೇ ಹೇಳಬೇಕು ಚಾಚಾ. ಖಣಿಯ ಒಡಕು ಕಲ್ಲು ದಿನಾ ಎಲ್ಲಿ ಸುರಸ್ತೀರಿ?"

ತಗ್ಗು ಕಂಡಲ್ಲಿ ಸುರಿಯುವುದು ಖಣಿಯವರ ರೂಢಿ. ಒಂದೇ ದಿನ ಹಳ್ಳ ಮಾಯವಾಗಿದ್ದರೆ ಊರೇ ಬೊಬ್ಬೆ ಹೊಡೆಯುತ್ತಿತ್ತು. ಬುಟ್ಟಿ ಬುಟ್ಟಿಯಾಗಿ ಹೋದದ್ದು ಸುರಿಸಿದ ಮಜೀದಸಾಬನ ಕಣ್ಣಿಗೂ ಬಿದ್ದಿರಲಿಲ್ಲ. ಮೇಲೆ ಮಣ್ಣು ಕೂತು ಹುಲ್ಲು ಬಂದಾಗ, ಅಲ್ಲಾಹನೇ ಸಪಾಟು ಮಾಡಿಕೊಟ್ಟ ಜಾಗವೆಂದು ಮಗಳಿಗೆ ಅಲ್ಲಿ ಮನೆ ಎಬ್ಬಿಸಿದವನೂ ಅವನೇ.

"ಮ್ಯಾಲಿನ ನೀರೆಲ್ಲ ಹಳೇ ಖಣಿ ಗುಂಡ್ಯಾಗ ನಿಂದ್ರಲಿಕತ್ತದ. ಅವು ತುಂಬಿದ ದಿನ ಈ ದಾರಿಗೇ ಬರತದರಿ," ಎಂದ ಅಂಬಾರಾಯ.

"ಕಾಗದ ಏನರೆ ಹೇಳಲಿ. ನಾ ಕಲ್ಲಿಗಿ ಕೇಳ್ತೀನಿ!"

ಮಜೀದಸಾಬ ಒಳಗೆ ಹೋಗಿ ಮೊಣಕಾಲೂರಿ, ತಾನೇ ಆರಿಸಿ ಹಾಸಿದ ಪರಸಿಗೆ ಬಡಿದ. ಟಣ್ ಅನ್ನಬೇಕಿತ್ತು. ಬದ್ ಅಂದಿತು. ಮೂಲೆಯ ಕಲ್ಲಿಗೆ ಬಡಿದ. ಬದ್. ಕೆಳಗೆಲ್ಲ ಪೊಳ್ಳು.

ಕೂಸನ್ನೆತ್ತಿಕೊಂಡ ಜೈತುನ್‌ಬೀ ಬಾಗಿಲಲ್ಲಿ ನಿಂತಿದ್ದಳು. "ಅಬ್ಬಾ, ಏನಂತದ ಕಲ್ಲು?"

"ಸಾಹೇಬ್ರು ಅಂದಿದ್ದೇ ಅನಲಿಕತ್ತದ, ಬೇಟಿ."

ಅಂದೇ ಹೊಸ್ತಿಲು ಕಿತ್ತ. ಮುಂಗಾರಿನ ಮಿರಗ ಮಳೆಯ ಹೊತ್ತಿಗೆ ಮನೆ ಹುಣಸೆಯ ದಿಬ್ಬ ಏರಿತ್ತು. ಆ ವರ್ಷ ಸೇಡಂನ ಮೋಡ, ಚಿತ್ತಾಪುರದ ಮೋಡ ಜಿದ್ದಿಗೆ ಬಿದ್ದು ಸುರಿದವು. ಗುಂಡಿಗಳು ತುಂಬಿ ಉಕ್ಕಿದವು. ನೀರು ಯಾರನ್ನೂ ಕೇಳದೆ ನೆಟ್ಟಗೆ ಬಂದು, ಹೊಸ್ತಿಲಿದ್ದ ಜಾಗದಲ್ಲೇ ಹಾದು, ಅಲ್ಲಿ ಉಳಿದಿದ್ದ ಗೋಡೆಯನ್ನು ಹಪ್ಪಳದಂತೆ ಮುರಿದುಕೊಂಡು ಹೋಯಿತು. ದಿಬ್ಬದ ಮೇಲೆ ಜೈತುನ್‌ಬೀ ರೊಟ್ಟಿ ಬಡಿಯುತ್ತಿದ್ದಳು.

ನೀರಿಳಿದ ಮೇಲೆ ಮಜೀದಸಾಬ ತನ್ನ ಸುತ್ತಿಗೆಯನ್ನು ಎರಡೂ ಕೈಯಿಂದ ಅಂಬಾರಾಯನ ಮುಂದೆ ಹಿಡಿದ. ಅವನು ಅದನ್ನು ಹಿಂದಕ್ಕೇ ಕೊಟ್ಟ.

"ಹಂಗಾದ್ರ ಇಷ್ಟು ಹೇಳ್ರಿ ಸಾಹೇಬ್ರ. ಆ ವಿಮಾನ ಮತ್ತ ಯಾವಾಗ ಬರತದ?"

"ಯಾರಿಗೆ ಗೊತ್ತು ಚಾಚಾ? ಐದು ವರ್ಷಕ್ಕೋ, ಹತ್ತು ವರ್ಷಕ್ಕೋ."

ಅಂದಿನಿಂದ ಹಳ್ಳಕ್ಕೆ ಒಂದು ಬುಟ್ಟಿ ಕಲ್ಲೂ ಬಿದ್ದಿಲ್ಲ, ಹಿಂದೆ ಬಿದ್ದದ್ದನ್ನೂ ಮಜೀದಸಾಬ ಎತ್ತಿಸುತ್ತಿದ್ದಾನೆ. ಆಕಾಶದಲ್ಲಿ ಗುರ್ ಎಂದರೆ ಸಾಕು, ಸುತ್ತಿಗೆ ಬಿಟ್ಟು ಓಡಿ, ತೆರವಾದ ಹಳ್ಳದ ನಟ್ಟನಡುವೆ ನಿಂತು, ಟೋಪಿ ಸರಿಮಾಡಿಕೊಂಡು ಮುಖ ಮೇಲೆತ್ತುತ್ತಾನೆ.