ಉಣ್ಣುವಾಗ ನಗಬಾರದು

ಗಿರಮಿಟ್ ತಿನ್ನುತ್ತ ನಕ್ಕದ್ದೇ ಹೂವಪ್ಪನಿಗೆ ಮುಳುವಾಯಿತು. ಹೊಟ್ಟೆಗಿಳಿಯಬೇಕಾದ ಚುರುಮುರಿ, ಶೇಂಗಾಚೂರು ದಾರಿ ತಪ್ಪಿ ಪುಪ್ಪುಸಕ್ಕಿಳಿದು, ಮೂರನೇ ದಿನಕ್ಕೆ ಜ್ವರ, ಐದನೇ ದಿನಕ್ಕೆ ಆಕ್ಸಿಜನ್. ಗಜೇಂದ್ರಗಡದ ದವಾಖಾನೆಯಲ್ಲಿ ಹನ್ನೆರಡು ದಿನ ಮಲಗಿ ಎದ್ದ ಅರವತ್ತೆರಡರ ಈ ಸೀರೆ ವ್ಯಾಪಾರಿಗೆ ಡಾಕ್ಟರರು ಖಡಾಖಂಡಿತ ಹೇಳಿ ಕಳಿಸಿದರು: ಒಂದು ತಿಂಗಳು ಉಣ್ಣುವಾಗ ಮಾತಿಲ್ಲ, ನಗುವಿಲ್ಲ, ಇನ್ನೊಮ್ಮೆ ಹೀಗಾದರೆ ಜೀವ ತಮ್ಮ ಕೈಯಲ್ಲಿಲ್ಲ.

ಅಂದು ನಗಿಸಿದವನು ಮೌಲಾಸಾಬ, ಪಕ್ಕದ ಓಣಿಯ ನೇಕಾರ, ಬಾಲ್ಯದ ಗೆಳೆಯ. ಹೂವಪ್ಪನ ಹೆಂಡತಿ ರೇಣುಕವ್ವ ಅವನಿಗೆ ಹೊಸ್ತಿಲು ತುಳಿಯಬೇಡ ಎಂದಳು. ಆದರೆ ಗೆಳೆಯನಿಲ್ಲದೆ ಗಂಡನಿಗೆ ತುತ್ತೇ ಇಳಿಯದು. ನಾಲ್ಕು ದಿನಕ್ಕೆ ಅವನ ಅಂಗಿ ಗೂಟಕ್ಕೆ ತೂಗುಹಾಕಿದಂತೆ ಕಂಡಿತು. ಕರೆಸಲೇಬೇಕಾಯಿತು. ಮೌಲಾಸಾಬ ಬಂದು ಸತ್ತವರ ಸುದ್ದಿಯಷ್ಟೇ ಹೇಳಿದ. ಅವನ ಸಪ್ಪೆ ಮೋರೆ ನೋಡಿಯೇ ಹೂವಪ್ಪ ಕಿಸಕ್ಕೆಂದ, ಕೆಮ್ಮಿದ. ರೇಣುಕವ್ವ ಮೌಲಾಸಾಬನನ್ನು ಗೋಡೆಯ ಕಡೆ ಮುಖ ಮಾಡಿಸಿ ಕೂಡಿಸಿದಳು. ಬೆನ್ನು ನೋಡಿಯೂ ನಗು ಬಂತು.

ಕೊನೆಗೆ ರೇಣುಕವ್ವನೇ ಉಪಾಯ ಹುಡುಕಿದಳು. "ಮೌಲಾಸಾಬಣ್ಣ, ಉಣ್ಣೂ ಮುಂದ ಅವರಿಗೆ ಸಿಟ್ಟು ಬರೂ ಹಂಗ ಏನರೆ ಹೇಳ್ರಿ. ಸಿಟ್ಟಿಗೆದ್ದವರು ನಗಂಗಿಲ್ಲ."

ಮರುದಿನ ಮೊದಲ ತುತ್ತಿಗೇ ಮೌಲಾಸಾಬ ನಲವತ್ತು ವರ್ಷದ ಹಿಂದೆ ಶಿರೋಳದಲ್ಲಾದ ಕಬಡ್ಡಿ ಪಂದ್ಯ ತೆಗೆದ. ಆಗ ತಾನು ಎದುರು ತಂಡದಲ್ಲಿದ್ದೆನೆಂದ. ಕೊನೆಯ ದಾಳಿಯಲ್ಲಿ ಹೂವಪ್ಪನ ಉಸಿರು ನಡುವೆ ಕಡಿದಿತ್ತು. ಆದರೂ ಸುಳ್ಳು ಹೇಳಿ ಬಹುಮಾನದ ಢಾಲು ಗೆದ್ದ ಎಂದ.

ಬಾಯಲ್ಲಿ ತುತ್ತು, ಉತ್ತರ ಕೊಡುವಂತಿಲ್ಲ. ಹೂವಪ್ಪ ಕಣ್ಣು ಕೆಂಪಗೆ ಮಾಡಿಕೊಂಡು ರೊಟ್ಟಿಯನ್ನು ಹಿಟ್ಟಾಗುವವರೆಗೆ ಅಗಿದ. ಒಂದು ಚೂರೂ ದಾರಿ ತಪ್ಪಲಿಲ್ಲ. ರೇಣುಕವ್ವ ಖುಷಿಯಿಂದ ಇನ್ನೊಂದು ರೊಟ್ಟಿ ಹಾಕಿದಳು. ಆಮೇಲೆ ದಿನಾ ಅದೇ ಪಂದ್ಯ, ದಿನಾ ಒಂದು ಹೊಸ ಸಾಕ್ಷಿ.

ಒಂಬತ್ತನೇ ದಿನ ಹೂವಪ್ಪ ಕೈ ತೊಳೆದು, ಬಾಯಿ ಒರೆಸಿಕೊಂಡು, ಮೆಲ್ಲಗೆ ಕೇಳಿದ. "ಊಟ ಮುಗೀತು. ಈಗ ಖರೇ ಹೇಳು. ನನ್ನ ಉಸುರು ಕಡದಿತ್ತು ಅಂತ ನಿನ್ನ ಮನಸಿನ್ಯಾಗೂ ಐತೇನು?"

ಮೌಲಾಸಾಬ ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. ಚಪ್ಪಲಿ ಹುಡುಕುತ್ತ ಹೇಳಿದ, "ಐತಿ."

ಮರುದಿನದಿಂದ ಅವನು ಬರಲಿಲ್ಲ, ಇವನು ಕರೆಯಲಿಲ್ಲ. ಸಿಟ್ಟು ಮಾತ್ರ ಮನೆಯಲ್ಲೇ ಉಳಿದಿದ್ದರಿಂದ ಊಟ ಸರಾಗ ಇಳಿಯಿತು.

ತಿಂಗಳ ಕೊನೆಗೆ ಡಾಕ್ಟರರು ಎಕ್ಸರೇ ಬೆಳಕಿಗೆ ಹಿಡಿದು, ಎದೆ ಸ್ವಚ್ಛವಾಗಿದೆ, ಇನ್ನು ಮಾತಾಡಬಹುದು, ಹೊಟ್ಟೆ ತುಂಬ ನಗಬಹುದು ಎಂದರು. ರೇಣುಕವ್ವ ಕೈ ಮುಗಿದು ಎದ್ದಳು. ಹೂವಪ್ಪ ಕುರ್ಚಿ ಬಿಡಲಿಲ್ಲ.

"ನಗೂದು ಇರಲಿ ಡಾಕ್ಟರ್. ಒಂದ ಉಸುರಿನ್ಯಾಗ ಕಬಡ್ಡಿ ಕಬಡ್ಡಿ ಅನ್ನಾಕ ಇನ್ನೂ ಎಷ್ಟು ದಿನ ಬೇಕ್ರಿ?"