ಹೆಸರಿಲ್ಲದ ಸಹೋದರ

ಶುಕ್ರವಾರ ಹೆಂಗಸರ ಉಪವಾಸ ಪ್ರಾರ್ಥನೆಯಲ್ಲಿ ಪಾಸ್ಟರಮ್ಮ ಹೇಳಿದರು: “ನಮ್ಮ ಸಭೆಯ ಒಬ್ಬ ಸಹೋದರ ಬೇರೆ ಹೆಂಗಸಿನ ಸಹವಾಸಕ್ಕೆ ಬಿದ್ದಿದ್ದಾನೆ. ಅವನಿಗೋಸ್ಕರ ಬೇಡ್ಕೊಳ್ಳೋಣ. ಹೆಸರು ಬೇಡ.”

ಕೃಪಾವತಿ ಲೊಚಗುಟ್ಟಿದಳು. “ಪಾಪ, ಅವನ ಹೆಂಡ್ತಿಗೆ ಗೊತ್ತಾ ಅಮ್ಮ?”

“ಇಲ್ಲ ಮಗಳೇ.”

ಉಳಿದ ಹೆಂಗಸರು ಕಣ್ಣು ಮುಚ್ಚಿಕೊಂಡರು.

ಅಂದಿನಿಂದ ಪ್ರತಿ ಶುಕ್ರವಾರ ಕೃಪಾವತಿ ಹನಿ ನೀರೂ ಮುಟ್ಟದೆ ಮೊಣಕಾಲೂರಿ, ಯಾರೆಂದೇ ಗೊತ್ತಿಲ್ಲದ ಆ ಮನುಷ್ಯನನ್ನು ಕ್ಷಮಿಸು ದೇವರೇ ಎಂದು ಎಲ್ಲರಿಗಿಂತ ಜೋರಾಗಿ ಅತ್ತಳು.

ಒಂದು ಭಾನುವಾರ ಚರ್ಚಿನಲ್ಲಿ, ಎಲ್ಲರೆದುರು ಸಾಕ್ಷಿ ಹೇಳುವ ಹೊತ್ತಿಗೆ, ಅವಳ ಗಂಡ ಎದ್ದು ನಿಂತು ತನ್ನ ಪಾಪ ಒಪ್ಪಿಕೊಂಡು ಬಿಕ್ಕಿದ. ಇಡೀ ಸಭೆ ಸ್ತೋತ್ರ ಹೇಳಿತು.

“ನಿಮಗೆಲ್ಲಾ ಮೊದಲೇ ಗೊತ್ತಿತ್ತಾ?” ಅಂದಳು ಕೃಪಾವತಿ.

ಪಾಸ್ಟರಮ್ಮ ಅವಳ ತಲೆ ಸವರಿದರು. “ಹೆಸರು ಹೇಳಿದ್ದಿದ್ರೆ ನೀನು ಅಷ್ಟು ಪ್ರೀತಿಯಿಂದ ಪ್ರಾರ್ಥನೆ ಮಾಡ್ತಿದ್ಯಾ ಮಗಳೇ?”