ಸೆರಗಿನ ತುಂಬ ಚೆಸ್ಟ್‌ನಟ್

ಚಳಿಗಾಲದಲ್ಲಿ ಬೀದಿಬದಿ ಚೆಸ್ಟ್‌ನಟ್ ಸುಡುವ ವಾಸನೆ ಬಂದರೆ ನಾನು ಈಗಲೂ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತೇನೆ.

ಆಗ ನನಗೆ ಎಂಟು ವರ್ಷ. ಕುಂದಾಪುರದಿಂದ ಬ್ರಿಟನ್ನಿನ ಕೆಂಟನ್‌ನಲ್ಲಿದ್ದ ನಮ್ಮ ಮನೆಗೆ ಬಂದಿದ್ದ ಅಜ್ಜಿಯನ್ನೂ ನನ್ನನ್ನೂ ಅಪ್ಪ ಹಳೇ ಚೆಸ್ಟ್‌ನಟ್ ಕಾಡಿಗೆ ಕರೆದುಕೊಂಡು ಹೋಗಿದ್ದ. ಹಗ್ಗದಂತೆ ಹೊಸೆದುಕೊಂಡ ತೊಗಟೆಯ ಮರಗಳ ಕೆಳಗೆ ಅಜ್ಜಿ ಮುಳ್ಳುಸಿಪ್ಪೆಯನ್ನು ಚಪ್ಪಲಿಯಲ್ಲಿ ಒತ್ತಿ ಬಿಡಿಸಿ, ನುಣುಪು ಕಾಯಿಗಳನ್ನು ಸೆರಗಿಗೆ ತುಂಬಿಕೊಂಡಳು.

"ಹಲ್ಸಿನ್ ಬೀಜದ ಕಣೆಗೇ ಇತ್ತ್ ಮಗಾ. ಮನಿಗ್ ಹೋಯಿ ಸುಟ್ ಕೊಡ್ತೆ."

ನೋಡಲು ಇಂಥದೇ ಕಂದು ಬಣ್ಣದ, ಕಾಂಕರ್ ಎಂಬ ಕಾಯಿ ವಿಷ ಅಂತ ಶಾಲೆಯಲ್ಲಿ ಹೇಳಿದ್ದರು. ಅದೊಂದೇ ಪಾಠಕ್ಕೆ ಇಡೀ ಬ್ರಿಟನ್ನಿನ ಸಸ್ಯಶಾಸ್ತ್ರ ನನ್ನ ಚಡ್ಡಿಜೇಬಿನಲ್ಲಿತ್ತು.

"ನೋ ಅಜ್ಜಿ, ಪಾಯ್ಸನ್" ಎಂದವನೇ ಕುತ್ತಿಗೆ ಹಿಡಿದುಕೊಂಡು, ತರಗೆಲೆಗಳ ಮೇಲೆ ಬಿದ್ದು, ಎರಡು ಸಲ ಸತ್ತು ತೋರಿಸಿದೆ.

ಅಜ್ಜಿ ನಗಲಿಲ್ಲ. "ನೀ ಇಲ್ಲೇ ಹುಟ್ದವ. ನಿಂಗ್ ಗೊತ್ತಿರತ್ತ್" ಎಂದು ಸೆರಗು ಕೊಡವಿ ಎಲ್ಲವನ್ನೂ ಸುರಿದಳು.

ಕಾಂಕರ್ ಬೇರೆ, ಇದು ತಿನ್ನುವ ಕಾಯಿಯೇ ಎಂದು ನನಗೆ ತಿಳಿಯುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಆದರೆ ಆ ಸಲ ಊರಿಗೆ ಹೊರಡುವವರೆಗೂ ಅವಳು ಅಂಗಡಿಯಿಂದ ತಂದ ಸೇಬನ್ನೂ ಮೊದಲು ನನಗೆ ತೋರಿಸಿ ಕೇಳುತ್ತಿದ್ದಳು, "ಇದನ್ ತಿನ್ಲಕ್ಕಾ ಮಗಾ?"